ನಾಲ್ಕನೇ ಮಹಡಿಯ ನಾಲ್ಕು ನಿಮಿಷ

ಅಮ್ಮನಿಗೆ ನಾಲ್ಕು ನಿಮಿಷ ಕೊಟ್ಟಿದ್ದರು. ಮೊದಲ ಎರಡು ನಿಮಿಷ ಕಷ್ಟ. ಆಮೇಲೆ ಒಂದು ನಿಮಿಷ ಬದಲಾವಣೆ. ಕೊನೆಯ ಒಂದು ನಿಮಿಷ ಕೃತಜ್ಞತೆ. ಪ್ರತಿಷ್ಠಾನದ ಫಾರಮ್ಮಿನಲ್ಲೇ ಹಾಗೆ ಅಚ್ಚಾಗಿತ್ತು.

ಪ್ರತಿಷ್ಠಾನ ಅಂದರೆ ಸುತ್ತಲಿನ ಸಣ್ಣಪುಟ್ಟ ಸಂಘಗಳಿಗೆಲ್ಲ ನೆರವು ಕೊಡುವ ದೊಡ್ಡ ಸಂಸ್ಥೆ. ಅಂಧರ ಶಾಲೆ, ಮುದುಕರ ಊಟದ ಮನೆ, ಕುಡಿತ ಬಿಡಿಸುವ ಕೇಂದ್ರ, ಎಲ್ಲವೂ ಅದರ ಮುಖ ನೋಡಿಕೊಂಡು ಬದುಕಿದ್ದವು. ನಮ್ಮ ಮಕ್ಕಳ ಕೋಣೆಯೂ ಅಷ್ಟೆ. ಎರಡು ವರ್ಷದಿಂದ ಕೋಣೆಯ ಬಾಡಿಗೆ ಅಲ್ಲಿಂದಲೇ ಬರುತ್ತಿತ್ತು. ಮೂರನೆಯ ವರ್ಷಕ್ಕೆ ಅರ್ಜಿ ಹಾಕಿದ್ದೆವು. ಈ ಸಲ ಹೊಸ ನಿಯಮ. ಪ್ರತಿ ಸಂಘವೂ ಒಬ್ಬರನ್ನು ವಾರ್ಷಿಕ ಸಭೆಗೆ ಕರೆತರಬೇಕು. ಅವರು ವೇದಿಕೆ ಹತ್ತಿ ತಮ್ಮ ಕಥೆ ಹೇಳಬೇಕು. ಕಥೆ ಕೇಳಿದ ಮೇಲೆ ತೀರ್ಮಾನ.

ನಮ್ಮ ಕೋಣೆ ಹಿಂದೆ ಸೈಕಲ್ ರಿಪೇರಿ ಅಂಗಡಿಯಾಗಿತ್ತು. ಎಷ್ಟು ತೊಳೆದರೂ ನೆಲದ ಗ್ರೀಸಿನ ವಾಸನೆ ಹೋಗಿಲ್ಲ. ಬೆಳಗಿನ ನಾಲ್ಕೂವರೆಗೆ, ಮಕ್ಕಳನ್ನು ನೋಡಿಕೊಳ್ಳುವ ದೊಡ್ಡಕ್ಕ ಶಟರ್ ಎತ್ತುತ್ತಾಳೆ. ಮೂವತ್ತು ವರ್ಷ ಮಂಡಿಯೂರಿ ನೆಲ ತಿಕ್ಕಿ ಅವಳ ಎರಡೂ ಮಂಡಿ ಹೋಗಿವೆ. ಶಟರ್ ಎತ್ತುವಾಗ ಶಟರಿಗಿಂತ ಹೆಚ್ಚು ಅವಳೇ ಕಿರುಗುಟ್ಟುತ್ತಾಳೆ. ಐದಕ್ಕೆ ಕಚೇರಿಗಳ ಕಸ ಗುಡಿಸುವ ಪಾಳಿ ಶುರು. ಒಂಬತ್ತಕ್ಕೆ ಕುರ್ಚಿಯವರು ಬರುವಷ್ಟರಲ್ಲಿ ಗುಡಿಸಿದವರು ಕಣ್ಣಿಗೆ ಕಾಣಬಾರದು. ಆ ಹೊತ್ತಿನಲ್ಲಿ ಯಾವ ಶಾಲೆ ತೆರೆದಿರುತ್ತದೆ? ಹೆಂಗಸರು ನಿದ್ದೆಯಲ್ಲಿರುವ ಮಕ್ಕಳನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ಚಾಪೆಯ ಮೇಲೆ ಮಲಗಿಸಿ ಓಡುತ್ತಾರೆ. ಹನ್ನೊಂದು ಮಕ್ಕಳು.

ಆ ಹೆಂಗಸರಿಗೆ ಹೆಸರಿಲ್ಲವೆಂದಲ್ಲ. ಗುತ್ತಿಗೆದಾರ ಹೆಸರು ಹಿಡಿದು ಕರೆಯುವುದಿಲ್ಲ. ‘ಏ ಮೂರನೇ ಮಹಡಿ, ಇಲ್ಲಿ ಬಾ’ ಅನ್ನುತ್ತಾನೆ. ಕೊನೆಗೆ ಅವರವರೇ ಹಾಗೆ ಕರೆದುಕೊಳ್ಳತೊಡಗಿದ್ದಾರೆ. ಮೂರನೇ ಮಹಡಿಯ ಮಗಳು ಗುಬ್ಬಿ, ಮೂರು ವರ್ಷದವಳು. ನನ್ನಮ್ಮ ನಾಲ್ಕನೇ ಮಹಡಿ. ಹತ್ತೊಂಬತ್ತು ವರ್ಷದಿಂದ ಒಂದೇ ಕಟ್ಟಡದ ನಾಲ್ಕನೇ ಮಹಡಿ. ಆ ಕಟ್ಟಡವೇ ಪ್ರತಿಷ್ಠಾನದ್ದು.

ಅರ್ಜಿ ಬರೆಯುವುದು ನನ್ನ ಕೆಲಸ. ನಮ್ಮ ಬೀದಿಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಅದಕ್ಕಿಂತ ಹೆಚ್ಚಾಗಿ ನಾನು ನನ್ನಜ್ಜಿಯ ಮೊಮ್ಮಗಳು. ಐದು ತುಂಬುವವರೆಗೂ ಅಜ್ಜಿಯ ಮಡಿಲಲ್ಲಿ ಕಥೆ ಕೇಳುತ್ತ ಬೆಳೆದೆ. ಅವಳ ಕಥೆಗಳಲ್ಲಿ ಬಾವಿಯ ತಳದಲ್ಲಿ ಊರಿರುತ್ತಿತ್ತು. ಸೂಜಿಯ ಕಣ್ಣಲ್ಲಿ ಆನೆಗಳು ಸಾಲಾಗಿ ಹೋಗುತ್ತಿದ್ದವು. ಅಜ್ಜಿ ತೀರಿಕೊಂಡ ನಾಲ್ಕನೇ ದಿನ ಅಮ್ಮ ನನ್ನನ್ನು ಕೆಲಸಕ್ಕೆ ಎತ್ತಿಕೊಂಡು ಹೋದಳು. ಬಿಡಲು ಬೇರೆ ಯಾರೂ ಇರಲಿಲ್ಲ.

ನಾಲ್ಕನೇ ಮಹಡಿಯ ಶೌಚಾಲಯದ ಪಕ್ಕದಲ್ಲಿ ಪೊರಕೆ, ಬಕೆಟ್ಟು, ಸೀಸೆ, ಡಬ್ಬಿ ಇಡುವ ಒಂದು ಗೂಡಿದೆ. ಅಮ್ಮ ನನ್ನನ್ನು ಅದರೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

“ಉಸಿರೆತ್ತಬೇಡ ಕಂದ. ಸಾಹೇಬ್ರಿಗೆ ಕೇಳಿಸಿದ್ರೆ ಅಮ್ಮಂಗೆ ಕೆಲಸ ಇರಲ್ಲ.”

ನಾನು ಉಸಿರೆತ್ತುತ್ತಿರಲಿಲ್ಲ. ಅಜ್ಜಿಯ ಕಥೆಗಳನ್ನು ಮನಸ್ಸಿನಲ್ಲೇ ಸೀಸೆಗಳಿಗೆ ಹೇಳುತ್ತಿದ್ದೆ. ಉದ್ದ ಕೋಲಿನ ಒದ್ದೆ ಮಾಪು ತಲೆ ಕೆದರಿದ ಮಾಟಗಾತಿ. ಫಿನಾಯಿಲಿನ ಡಬ್ಬಿ ಅವಳ ಗಂಡ. ಬಾಗಿಲ ಸಂದಿಯ ಬೆಳಕು ಹೊಳೆ. ಕಣ್ಣು ಮುಚ್ಚಿದರೆ ಅದು ಗುಹೆ, ನಾನು ಗುಹೆಯ ರಾಣಿ. ಒಂದು ಬೆಳಿಗ್ಗೆ ನಾನು ಹಾರಿದ್ದು ನೆನಪಿದೆ. ಗೂಡಿನ ತುಂಬ ಹಸಿರು ಹಳದಿ ಮಂಜು ತುಂಬಿತು. ಮೈ ಅರಳೆಯಾಯಿತು. ಬಾಗಿಲು ತಾನಾಗಿ ತೆರೆಯಿತು. ಮೆಟ್ಟಿಲುಗಳ ಮೇಲೆ ತೇಲುತ್ತ ತೇಲುತ್ತ ಇಳಿದೆ. ಅದಾದ ಮೇಲೆ ಅಮ್ಮ ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಮನೆಯಲ್ಲೇ ಬೀಗ ಹಾಕಿ ಬಿಟ್ಟು ಹೋಗುತ್ತಿದ್ದಳು. ಮಂಜೂ ಇಲ್ಲ, ಹಾರುವುದೂ ಇಲ್ಲ. ನನಗೆ ಬೇಜಾರಾಗಿತ್ತು.

ಅಮ್ಮ ವೇದಿಕೆಯಲ್ಲಿ ಹೇಳಬೇಕಾದ ಕಥೆಯಲ್ಲಿ ಇದನ್ನೆಲ್ಲ ಬರೆದೆ. ಹಾರಿದ್ದನ್ನೂ ಬರೆದೆ. ಬದಲಾವಣೆಯ ಭಾಗದಲ್ಲಿ ಮಕ್ಕಳ ಕೋಣೆ, ಚಾಪೆ, ದೊಡ್ಡಕ್ಕ. ಕೃತಜ್ಞತೆಯ ಭಾಗದಲ್ಲಿ ಪ್ರತಿಷ್ಠಾನ.

ಪ್ರತಿಷ್ಠಾನದ ಮೇಡಂ ಓದಿ ಎದೆಯ ಮೇಲೆ ಕೈಯಿಟ್ಟುಕೊಂಡರು. ನಮ್ಮಂಥ ಸಂಘಗಳನ್ನು ನೋಡಿಕೊಳ್ಳುವುದು ಅವರ ಹುದ್ದೆ. ಸಿಟ್ಟು ಮಾಡಿದವರಲ್ಲ. ಎಲ್ಲರಿಗೂ ತಾವೇ ನೀರು ತಂದುಕೊಡುತ್ತಾರೆ.

“ಎಷ್ಟು ಚೆನ್ನಾಗಿ ಬರೀತೀಯಮ್ಮ! ಮಗು ಹಾರೋದು, ಅಬ್ಬಾ. ಇದೊಂದು ಸಾಲು ಮಾತ್ರ ತೆಗೆದುಬಿಡೋಣ.”

ಅವರು ಗೀಟು ಹಾಕಿದ್ದು ‘ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ’ ಎಂಬ ಮಾತಿಗೆ.

“ಜನ ತಪ್ಪು ತಿಳ್ಕೋತಾರೆ. ಸ್ವಚ್ಛತೆ ಕೆಲಸ ಗುತ್ತಿಗೆದಾರರದು. ನಮ್ಮದಲ್ಲ, ಅಲ್ವಾ?”

“ಅಲ್ಲ ಮೇಡಂ,” ಅಂದೆ.

ಹಾಗೆ ಅಂದವಳು ನಾನೇ. ಬೇರೆ ಯಾರೂ ಅಲ್ಲ.

ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಓದು ಬಾರದು, ಬಾಯಿಪಾಠ ಮಾಡಿಸಬೇಕಿತ್ತು. ಬಿರಿದ ಅಂಗೈಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಹಾರುವ ಜಾಗ ಬಂದಾಗ ಅವಳ ಕೈ ನಿಂತಿತು.

“ಅದೂ ಬರ್ದಿದೀಯಾ?”

“ಅದೇ ಎಲ್ಲರಿಗೂ ಇಷ್ಟ ಆಗಿದ್ದು ಅಮ್ಮ.”

“ನಿನಗೆ ಅಷ್ಟು ಸಣ್ಣದರಲ್ಲಿ ನಡೆದಿದ್ದು ನೆನಪಿದೆಯಾ?”

“ಹಾರಿದ್ದು ಯಾರಾದ್ರೂ ಮರೀತಾರಾ?”

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಎದ್ದು, ಆಗಲೇ ತೊಳೆದಿದ್ದ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದಳು.

ಸಭೆಯ ಹಿಂದಿನ ದಿನ ಪ್ರತಿಷ್ಠಾನದ ನಾಲ್ಕನೇ ಮಹಡಿಯಲ್ಲಿ ತಾಲೀಮು. ಮೇಡಂ ಒಬ್ಬ ಫೋಟೋದವನನ್ನು ಕರೆಸಿದ್ದರು. ಅಮ್ಮ ಮಾತಾಡುವಾಗ ಹಿಂದಿನ ಪರದೆಯ ಮೇಲೆ ಎರಡು ಚಿತ್ರ ಬರಬೇಕು. ಒಂದು ಮೊದಲು, ಒಂದು ಆಮೇಲೆ. ಆಮೇಲಿನ ಚಿತ್ರಕ್ಕೆ ಮಕ್ಕಳ ಕೋಣೆ ಇದೆ. ಮೊದಲಿನದಕ್ಕೆ?

“ಗೂಡು ಹೇಗೂ ಇದೆಯಲ್ಲ,” ಅಂದರು ಮೇಡಂ. “ಗೋಡೆ ಕಾಣದ ಹಾಗೆ ತೆಗೆದರಾಯ್ತು. ಒಂದು ಮಗು ಕೂತರೆ ಸಾಕು.”

ದೊಡ್ಡಕ್ಕನ ಸೊಂಟದ ಮೇಲೆ ಗುಬ್ಬಿ ಇದ್ದಳು. ಬಿಸ್ಕತ್ತು ಸಿಗುತ್ತದೆಂದು ಬಂದಿದ್ದಳು. ಫೋಟೋದವನು ಗೂಡಿನ ಮೇಲಿನ ಬೋರ್ಡು ಇಳಿಸಿ, ಬಾಗಿಲು ತೆರೆದು, ಬಕೆಟ್ಟು ಸರಿಸಿ, ಗುಬ್ಬಿಗೆ ಕೈ ಚಾಚಿದ.

“ಮಗೂನ ಮುಟ್ಬೇಡ,” ಅಂದಳು ಅಮ್ಮ.

“ಎರಡೇ ನಿಮಿಷ ಅಮ್ಮ. ಬಾಗಿಲು ಹಾಕಲ್ಲ.”

“ಆಗಲ್ಲ ಅಂದ್ನಲ್ಲ.”

ಮೇಡಂ ನಗುತ್ತಲೇ ನನ್ನ ಕಡೆ ತಿರುಗಿದರು. ಅವರ ನಗುವಿನಲ್ಲಿ ನಮ್ಮ ಅರ್ಜಿ ಇತ್ತು. ನಾನು ಅಮ್ಮನ ತೋಳು ಹಿಡಿದೆ.

“ಸುಮ್ನಿರಮ್ಮ. ಹನ್ನೊಂದು ಮಕ್ಕಳ ವಿಷಯ. ನಿನ್ನ ಹಟ ಇಲ್ಲಿ ಬೇಡ.”

“ಮಗು ಕೂರಲ್ಲ.”

“ಸರಿ. ನಾನೇ ಕೂರ್ತೀನಿ.”

ನಾನು ಕಡ್ಡಿಯಂಥವಳು. ಗೂಡಿನೊಳಗೆ ತೂರಿ, ಮಂಡಿ ಮಡಚಿ, ಗದ್ದ ಊರಿ ಕೂತೆ. ಫೋಟೋದವನಿಗೆ ಖುಷಿ. “ಕಣ್ಣು ಅಷ್ಟು ಅರಳಿಸ್ಬೇಡಿ, ಮದುವೆ ಫೋಟೋ ಅಲ್ಲ. ಹಾಂ, ಹೆದರಿದ ಹಾಗೆ. ಇನ್ನೂ ಸಣ್ಣಗಾಗಿ.” ನಾನು ಇನ್ನೂ ಸಣ್ಣಗಾದೆ. ಆಗ ವಾಸನೆ ಮೂಗಿಗೆ ಹತ್ತಿತು. ಗಂಟಲಲ್ಲಿ ಏನೋ ಕೆರೆಯಿತು. ಎದೆ ಡಬಡಬ ಹೊಡೆದುಕೊಂಡಿತು. ಇದೇನು ಗುಹೆಯಲ್ಲಿ ಹೆದರಿಕೆ, ನಾನಿಲ್ಲಿ ರಾಣಿಯಾಗಿದ್ದವಳಲ್ಲವೇ, ಅಂದುಕೊಳ್ಳುವಷ್ಟರಲ್ಲಿ ಅಮ್ಮನ ಕೈ ನನ್ನ ಜಡೆ ಹಿಡಿದಿತ್ತು. ದರದರ ಎಳೆದು ಹೊರಹಾಕಿದಳು. ಕೆನ್ನೆಗೆ ಒಂದು ಬಿಟ್ಟಳು.

ಇಪ್ಪತ್ತಮೂರು ವರ್ಷದವಳಿಗೆ, ಎಲ್ಲರ ಮುಂದೆ.

ಗುಬ್ಬಿ, “ಅಕ್ಕ ಏಟು ತಿಂದ್ಳು,” ಅಂದಳು. ಫೋಟೋ ಆಗಲೇ ಸಿಕ್ಕಿತ್ತು.

ಸಭೆಯ ದಿನವೂ ಅಮ್ಮ ಐದಕ್ಕೇ ಹೋಗಿದ್ದಳು. ಸಭಾಂಗಣದ ಇನ್ನೂರು ಕುರ್ಚಿ ಒರೆಸಿ, ವೇದಿಕೆ ತಿಕ್ಕಿ, ಮೈಕಿನ ಕಂಬಕ್ಕೂ ಬಟ್ಟೆಯಾಡಿಸಿ ಮನೆಗೆ ಬಂದಳು. ಸ್ನಾನ ಮಾಡಿ, ಇದ್ದದ್ದರಲ್ಲಿ ಒಳ್ಳೆಯದನ್ನು ಉಟ್ಟು, ಹತ್ತಕ್ಕೆ ನನ್ನೊಂದಿಗೆ ಮುಂಬಾಗಿಲಿಗೆ ಬಂದಳು. ಕಾವಲಿನವನು ಅಡ್ಡ ಬಂದ.

“ಅಕ್ಕ, ಇದೇನು ಈ ಬಾಗಿಲು? ಏನಾದ್ರೂ ಮರೆತು ಹೋಗಿದ್ಯಾ?”

“ಇವತ್ತು ನಾನು ನೆಂಟಳು ಕಣೋ. ಸಲಾಂ ಹೊಡಿ.”

ಅವನು ನಿಜವಾಗಿಯೂ ಹೊಡೆದ. ಅಮ್ಮ ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಮೊದಲು ಕುಡಿತ ಬಿಟ್ಟ ಒಬ್ಬ ಮೇಸ್ತ್ರಿ ಮಾತಾಡಿದ. ಮೇಡಂ ಪಕ್ಕದಲ್ಲಿ ನಿಂತು ‘ಒಂದು ನಿಮಿಷ ಉಳಿದಿದೆ’ ಎಂಬ ಫಲಕ ಎತ್ತಿದರು. ಅವನು ಸರಿಯಾಗಿ ಆ ಹೊತ್ತಿಗೆ ಅತ್ತ. ಚಪ್ಪಾಳೆ. ಆಮೇಲೆ ಅಂಧರ ಶಾಲೆಯ ಹುಡುಗಿ. ಅವಳಿಗೆ ಫಲಕ ಕಾಣದು, ಭುಜ ತಟ್ಟಿದರು. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಪ್ರತಿಷ್ಠಾನದ ಹಿರಿಯರು, ದಾನಿಗಳು ಕೂತಿದ್ದರು. ಕಣ್ಣೊರೆಸಿಕೊಳ್ಳಲು ಮಡಿಲಲ್ಲಿ ಕಾಗದದ ಕರವಸ್ತ್ರ ಸಿದ್ಧವಿತ್ತು.

ಅಮ್ಮ ಮೆಟ್ಟಿಲು ಹತ್ತಿದಳು. ನಾನು ವೇದಿಕೆಯ ಕೆಳಗೆ ಕಾಗದ ಹಿಡಿದು ನಿಂತೆ, ಮರೆತರೆ ನೆನಪಿಸಲು. ಪರದೆಯ ಮೇಲೆ ಗೂಡಿನೊಳಗಿನ ನಾನು ಮೂಡಿದೆ. ಆಳೆತ್ತರ.

“ನಮಸ್ಕಾರ. ನಾನು ನಾಲ್ಕನೇ ಮಹಡಿ.”

ಜನ ನಕ್ಕರು. ಅಮ್ಮ ಕಾದಳು.

“ನನ್ನ ಮಗಳು ಕಥೆ ಬರ್ಕೊಟ್ಟಿದಾಳೆ. ಚೆನ್ನಾಗಿದೆ. ಅದರಲ್ಲಿ ಅವಳು ಹಾರ್ತಾಳೆ.” ಅವಳು ನನ್ನ ಕಡೆ ನೋಡಲಿಲ್ಲ. “ಅವಳು ಹಾರ್ಲಿಲ್ಲ. ನಾನು ಎತ್ಕೊಂಡು ಓಡ್ದೆ.”

ನನ್ನ ಕೈಯಲ್ಲಿದ್ದ ಕಾಗದದಲ್ಲಿ ಈ ಮಾತಿರಲಿಲ್ಲ.

“ಇದೇ ಕಟ್ಟಡದ ಮೇಲೆ, ನನ್ನ ಮಹಡೀಲಿ. ಗೂಡಲ್ಲಿ ಆಸಿಡ್ ಕ್ಯಾನು ಸೋರಿತ್ತು. ಕೆಳಗೆ ಬ್ಲೀಚಿಂಗ್ ಪುಡಿ ಚೀಲ ಇತ್ತು. ಎರಡೂ ಸೇರಿದ್ರೆ ಹೊಗೆ ಏಳುತ್ತೆ ಅಂತ ನಮಗೆ ಯಾರೂ ಹೇಳಿರ್ಲಿಲ್ಲ. ಒಳಗೆ ನನ್ನ ಮಗು ಇತ್ತು. ಚಿಲಕ ಹಾಕಿದ್ದು ಈ ಕೈ. ತೆಗೆದಾಗ ತುಟಿ ನೀಲಿ ಆಗಿತ್ತು. ಕಿರುಚಿರ್ಲಿಲ್ಲ. ಉಸಿರೆತ್ತಬೇಡ ಅಂತ ನಾನೇ ಹೇಳಿದ್ನಲ್ಲ.”

ಮೇಡಂ ಫಲಕ ಎತ್ತಿದರು. ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ.

“ಎರಡನೇ ಮಹಡಿ ಮೆಟ್ಟಿಲ ಮೇಲೆ ವಾಂತಿ ಮಾಡ್ಕೊಂಡ್ಳು. ಒಬ್ರು ಸಾಹೇಬ್ರು ಮೇಲೆ ಬರ್ತಿದ್ರು. ‘ಇದನ್ನ ಒರೆಸಿ ಹೋಗಮ್ಮ, ಒಂಬತ್ತಕ್ಕೆ ದಾನಿಗಳು ಬರ್ತಾರೆ’ ಅಂದ್ರು. ನಾನು ಮಗೂನ ಮೆಟ್ಟಿಲ ಮೇಲೆ ಮಲಗಿಸ್ದೆ. ಮೇಲೆ ಹೋಗಿ ಬಟ್ಟೆ ತಂದೆ. ಒರೆಸ್ದೆ. ಒಣಗಿದ ಮೇಲೆ ಕಲೆ ಕಾಣುತ್ತೆ ಅಂತ ಎರಡು ಸಲ ಒರೆಸ್ದೆ. ಆಮೇಲೆ ಆಸ್ಪತ್ರೆಗೆ ಓಡ್ದೆ.”

ಅಮ್ಮ ಮೈಕಿನ ಕಂಬ ಹಿಡಿದುಕೊಂಡಳು.

“ಹದಿನೆಂಟು ವರ್ಷ ಆಯ್ತು. ಯಾಕೆ ಒರೆಸ್ದೆ ಅಂತ ದಿನಾ ನನ್ನನ್ನೇ ಕೇಳ್ಕೋತೀನಿ. ಆ ಸಾಹೇಬ್ರು ಯಾರು ಅಂತ ನನಗೆ ಗೊತ್ತಿಲ್ಲ. ನಾನು ಬಗ್ಗಿದ್ದೆ. ಬೂಟು ಮಾತ್ರ ಕಂಡಿದ್ದು.”

ಮುಂದಿನ ಸಾಲಿನಲ್ಲಿ ಒಂದಿಷ್ಟು ಕಾಲುಗಳು ಕುರ್ಚಿಯ ಕೆಳಗೆ ಸರಿದವು. ಒಂದಲ್ಲ, ಆರೇಳು ಜೊತೆ.

ಮೈಕು ಸತ್ತಿತು. “ತಾಂತ್ರಿಕ ತೊಂದರೆ, ದಯವಿಟ್ಟು ಸಹಕರಿಸಿ,” ಎಂದು ಯಾರೋ ಕೂಗಿದರು. ಆದರೆ ಅಮ್ಮನದು ನಾಲ್ಕನೇ ಮಹಡಿಯಿಂದ ಕೆಳಗಿನ ಪಂಪಿನವನಿಗೆ ನೀರು ಬಿಡು ಎಂದು ಕೂಗಿ ಪಳಗಿದ ಗಂಟಲು. ಮೈಕು ಬೇಕಿರಲಿಲ್ಲ.

“ಬದಲಾವಣೆ ಹೇಳ್ಬೇಕಂತೆ. ಹೇಳ್ತೀನಿ. ಮಾರನೇ ದಿನ ಗೂಡಿನ ಮೇಲೆ ಬೋರ್ಡು ಬಂತು, ಮಕ್ಕಳಿಗೆ ಪ್ರವೇಶ ಇಲ್ಲ ಅಂತ. ಮಕ್ಕಳು ಎಲ್ಲಿರ್ಬೇಕು ಅಂತ ಯಾರೂ ಬೋರ್ಡು ಹಾಕ್ಲಿಲ್ಲ. ನಿನ್ನೆ ನಿಮ್ಮೋರೇ ಆ ಬೋರ್ಡು ಇಳಿಸಿ, ಒಂದು ಮಗೂನ ಒಳಗೆ ಕೂರ್ಸಿ ಅಂದ್ರು. ಫೋಟೋಕ್ಕೆ. ಕೃತಜ್ಞತೆ ಅಂತೀರಾ? ದೊಡ್ಡಕ್ಕಂಗೆ ಹೇಳ್ತೀನಿ. ನಿಮಗೆ ಹೇಳಲ್ಲ. ನನ್ನ ಮಹಡಿ ಹತ್ತೊಂಬತ್ತು ವರ್ಷ ಹೊಳೀತಿದೆ. ನೀವು ನನಗೆ ಹೇಳ್ಬೇಕು.”

ಇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಸಿರು ಹಳದಿ ಮಂಜು. ಅರಳೆಯಂಥ ಮೈ. ತೇಲುತ್ತ ಇಳಿದ ಮೆಟ್ಟಿಲು. ಹದಿನೆಂಟು ವರ್ಷ ನಾನು ನನ್ನ ಸಾವನ್ನು ಚಂದದ ಕಥೆ ಮಾಡಿಕೊಂಡು ಸಾಕಿದ್ದೆ. ಅವಳು ನಿಜವನ್ನು ಒಬ್ಬಳೇ ಹೊತ್ತುಕೊಂಡು, ದಿನವೂ ಅದೇ ಮೆಟ್ಟಿಲು ಒರೆಸಿದ್ದಳು.

ಕಾಗದವನ್ನು ಹರಿದೆ. ಪರದೆಯ ಮೇಲೆ ನಾನು ಇನ್ನೂ ಕೂತೇ ಇದ್ದೆ. ಅದನ್ನು ಆರಿಸುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

ಎಂಟನೇ ದಿನ ಪತ್ರ ಬಂತು. ಭಾಷೆ ಬಹಳ ಮೃದು. ಈ ವರ್ಷದ ಆದ್ಯತೆಗಳಿಗೆ ನಮ್ಮ ಕೆಲಸ ಹೊಂದುವುದಿಲ್ಲವಂತೆ, ನಮ್ಮ ಪ್ರಯತ್ನಕ್ಕೆ ಶುಭವಾಗಲಂತೆ. ಗುತ್ತಿಗೆದಾರ ಮೃದುವಾಗಿರಲಿಲ್ಲ. “ನಿನ್ನ ಬಾಯಿಗೆ ಬೇರೆ ಮಹಡಿ ನೋಡ್ಕೊ,” ಎಂದು ಅಮ್ಮನನ್ನು ಕೆಲಸದಿಂದ ತೆಗೆದ. ತಿಂಗಳ ಕೊನೆಗೆ ಕೋಣೆಯ ಮಾಲೀಕ ಶಟರಿಗೆ ತನ್ನ ಬೀಗ ಜಡಿದ.

ಅಂದು ಸಂಜೆ ಹೆಂಗಸರೆಲ್ಲ ನಮ್ಮ ಮನೆಗೆ ಬಂದರು. ಒಳಗೆ ಜಾಗ ಸಾಲದೆ ಬಾಗಿಲಾಚೆಗೂ ನಿಂತರು. ಮೂರನೇ ಮಹಡಿ ನೇರ ಅಮ್ಮನ ಮುಖಕ್ಕೇ ಬಂದಳು.

“ನಿನ್ನ ಮಗಳು ಬದುಕಿದಾಳಲ್ಲ! ಓದಿದಾಳಲ್ಲ! ಇನ್ನೇನು ಬೇಕಿತ್ತು ನಿನಗೆ? ಆ ಕಾಗದದಲ್ಲಿದ್ದದ್ದು ಹೇಳಿ ಕೆಳಗಿಳಿದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಹೇಳೋಕಾಗ್ಲಿಲ್ಲ ಕಣೆ.”

“ಆಗ್ಲಿಲ್ಲವಂತೆ! ನಾವು ದಿನಾ ಎಷ್ಟು ಸುಳ್ಳು ಹೇಳಲ್ಲ? ಚೆನ್ನಾಗಿದೀನಿ ಸಾರ್ ಅನ್ನಲ್ಲ? ಇನ್ನೊಂದು ಹೇಳಿದ್ರೆ ನಾಲಿಗೆ ಸವೀತಿತ್ತಾ?”

ಅಮ್ಮ ತಲೆ ತಗ್ಗಿಸಲಿಲ್ಲ. “ನಾಳೆ ಗುಬ್ಬೀನ ಎಲ್ಲಿಡ್ತೀಯ?” ಎಂದಷ್ಟೇ ಕೇಳಿದಳು.

“ಎಲ್ಲಿಡ್ಲಿ? ಗೂಡಲ್ಲಿ ಇಡ್ತೀನಿ!”

ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆಗೊರಗಿ ಕುಸಿದು ಕೂತಳು. ಗುಬ್ಬಿ ಅವಳ ಕಾಲ ಮೇಲೆ ಹತ್ತಿ ಕೂತಳು.

ದೊಡ್ಡಕ್ಕ ಮಂಡಿ ನೀವಿಕೊಳ್ಳುತ್ತ ಹೇಳಿದಳು. “ಗೂಡಲ್ಲಿ ಯಾಕಿಡ್ಬೇಕು? ಆ ಕಟ್ಟಡದ ಮುಂಬಾಗಿಲ ಒಳಗೆ ಅಷ್ಟುದ್ದ ಸೋಫಾ ಇದಾವೆ. ದಿನಾ ಒರೆಸೋರು ನಾವು. ಒಂದು ದಿನ ಯಾರಾದ್ರೂ ಕೂತಿದ್ದು ನೋಡಿದೀರಾ?”

ಮರುದಿನ ಐದಕ್ಕೆ ಐದು ನಿಮಿಷವಿರುವಾಗ ನಾವು ಪ್ರತಿಷ್ಠಾನದ ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಹನ್ನೊಂದು ಮಕ್ಕಳು, ಹೆಗಲ ಮೇಲೆ ನಿದ್ದೆಯಲ್ಲಿ. ಗಾಜಿನ ಗೋಡೆ, ಹೊಳೆಯುವ ನೆಲ, ಗೋಡೆಯ ತುಂಬ ನಗುವ ಬಡವರ ಫೋಟೋಗಳು. ಹೆಂಗಸರು ಮಕ್ಕಳನ್ನು ಸೋಫಾಗಳ ಮೇಲೆ ಮಲಗಿಸಿದರು, ತಲೆಗೊಂದು ದಿಂಬು ಕೊಟ್ಟರು. ದಿಂಬುಗಳೂ ಅಲ್ಲೇ ಇದ್ದವು. ಅಮ್ಮ ಮತ್ತು ದೊಡ್ಡಕ್ಕ ನೆಲದ ಮೇಲೆ ಕೂತರು. ಉಳಿದವರು ತಮ್ಮ ತಮ್ಮ ಮಹಡಿಗೆ ಹೋಗಲಿಲ್ಲ. ಸೋಫಾಗಳ ಸುತ್ತ ನಿಂತರು.

ಕಾವಲಿನವನು ಹಿಂದೆಯೇ ಓಡಿ ಬಂದ. “ಅಕ್ಕ, ಹಿಂಗೆಲ್ಲ ಮಾಡ್ಬೇಡ. ನನ್ನ ಕುತ್ತಿಗೆಗೆ ಬರುತ್ತೆ.”

“ನೀನು ನಿನ್ನ ಕೆಲಸ ಮಾಡಪ್ಪ,” ಅಂದಳು ಅಮ್ಮ. “ಒಳಗೆ ಬಂದೋರ್ದು ಏನು ಮಾಡ್ತೀಯ?”

“ಬರ್ಕೋಬೇಕು.”

“ಬರ್ಕೊ.”

ಅವನು ಸಂದರ್ಶಕರ ದೊಡ್ಡ ಪುಸ್ತಕ ತಂದು, ಪೆನ್ನು ನನ್ನ ಕೈಗೇ ಕೊಟ್ಟ. ನಾನು ಹನ್ನೊಂದು ಮಕ್ಕಳ ಹೆಸರು ಬರೆದೆ. ಅವರವರ ಹೆಸರು, ತಾಯಂದಿರ ಹೆಸರು. ಮಹಡಿ ಬರೆಯಲಿಲ್ಲ. ಭೇಟಿಯ ಉದ್ದೇಶ ಎಂಬ ಕಡೆ ಏನು ಬರೆಯಲಿ ಎಂದು ಒಂದು ಗಳಿಗೆ ಯೋಚಿಸಿದೆ. ಹಿಂದಿನ ಪುಟಗಳಲ್ಲಿ ಸಭೆ, ಸಭೆ, ಚರ್ಚೆ, ಸಭೆ ಎಂದಿತ್ತು. ನಾನು ಹನ್ನೊಂದು ಸಾಲಿನಲ್ಲೂ ‘ನಿದ್ದೆ’ ಎಂದು ಬರೆದೆ.

ಕಾವಲಿನವನು ಬಗ್ಗಿ ಓದಿದ. ಆಮೇಲೆ ಗೋಡೆಯ ಹತ್ತಿರ ಹೋಗಿ ಸೋಫಾಗಳ ಮೇಲಿನ ದೀಪ ಆರಿಸಿದ. ಮಕ್ಕಳ ಕಣ್ಣಿಗೆ ಚುಚ್ಚುತ್ತಿತ್ತು.

ವಾಪಸ್ಸು ಬಂದು ಪುಸ್ತಕದ ಕೊನೆಯ ಅಂಕಣದ ಮೇಲೆ ಬೆರಳಿಟ್ಟ.

“ಇದೊಂದು ಉಳೀತು. ಹೊರಟ ಸಮಯ.”

ನಾನು ಅಮ್ಮನ ಕಡೆ ನೋಡಿದೆ. ಅವಳು ಗುಬ್ಬಿಯ ಕಾಲಿನ ಮೇಲೆ ಸೆರಗು ಹೊದಿಸುತ್ತಿದ್ದಳು.

“ಅದನ್ನ ಖಾಲಿ ಬಿಡು,” ಅಂದಳು.